ಎರಡು ಬಾಗಿಲಿನ ಗೋಪುರ

ಒಳ್ಳೆಯದನ್ನೂ ಕೆಟ್ಟದ್ದನ್ನೂ ಎದುರಿಗಿಟ್ಟು ಯಾವುದು ಬೇಕು ಎಂದು ಕೇಳಿದರೆ ಅದು ಧರ್ಮಸಂಕಟವಲ್ಲ, ಒಂದನೇ ಕ್ಲಾಸಿನ ಪರೀಕ್ಷೆ. ಎರಡೂ ಒಳ್ಳೆಯದೇ ಆಗಿರಬೇಕು, ಹಿಡಿಯಲು ಕೈ ಮಾತ್ರ ಒಂದೇ ಇರಬೇಕು. ಆಡುವವನು ತಲೆ ಕೆರೆದುಕೊಂಡು, ನನ್ನನ್ನು ಮನಸಾರೆ ಬೈದು, ಕೊನೆಗೆ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕು. ಆಗಲೇ ಆಟಕ್ಕೆ ರುಚಿ. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ನಮ್ಮ ಅಗ್ನಿಶಾಮಕ ಠಾಣೆಯಲ್ಲಿ ಯಾರೂ ಇರಲಿಲ್ಲ. ಬೇರೆ ಯಾರೂ ಅದಕ್ಕೆ ಕೈ ಹಾಕಿರಲಿಲ್ಲ ಎನ್ನುವುದು ಬೇರೆ ಮಾತು.

ನಾನು ಠಾಣೆಯ ಗಾಡಿಯ ಡ್ರೈವರ್. ಕರೆ ಬಾರದ ಮಧ್ಯಾಹ್ನಗಳಲ್ಲಿ, ಮೇಲಿನ ವಿಶ್ರಾಂತಿ ಕೋಣೆಯಲ್ಲಿ, ಖಾಲಿ ಡಬ್ಬಗಳ ಮೇಲೆ ಪ್ಲೈವುಡ್ ಹಲಗೆ ಹಾಕಿ ಆಟ ಹೂಡುತ್ತಿದ್ದೆ. ಕಿಟಕಿಯಾಚೆ ಒಣಗಲು ನೇತುಹಾಕಿದ ನೀರಿನ ಪೈಪುಗಳು, ಕೆಳಗಿನಿಂದ ಡೀಸೆಲ್ ವಾಸನೆ. ಆಟ ಇಷ್ಟೇ: ಕಥೆ ನಾನು ಹೇಳುತ್ತೇನೆ, ಉಳಿದವರು ಆ ಕಥೆಯೊಳಗೆ ಒಬ್ಬೊಬ್ಬ ಮನುಷ್ಯರಾಗುತ್ತಾರೆ. ನಿನ್ನೆದುರು ರಾಕ್ಷಸ ನಿಂತಿದ್ದಾನೆ, ಏನು ಮಾಡುತ್ತೀಯ ಎಂದು ನಾನು ಕೇಳಬೇಕು, ಅವರು ಹೇಳಬೇಕು. ಅವರು ಹೇಳಿದ್ದು ಆಗುತ್ತದೋ ಇಲ್ಲವೋ ಎಂದು ಅನುಮಾನ ಬಂದರೆ ಇಪ್ಪತ್ತು ಮುಖದ ದಾಳ ತೀರ್ಮಾನ ಕೊಡುತ್ತದೆ.

ಏಣಿ ಹೊರುವ ಕೆಲಸದ ನಮ್ಮ ಉದ್ದನೆಯ ಗೆಳೆಯನಿಗೆ ‘ಏಣಿ’ ಎಂದೇ ಹೆಸರು. ಅವನು ಕಥೆಯಲ್ಲಿ ಬೇಟೆಗಾರ. ಫೋನ್ ಕರೆ ತೆಗೆದುಕೊಳ್ಳುವ ಹೆಂಗಸಿಗೆ ನಾವಿಟ್ಟ ಹೆಸರು ‘ಹಲೋ’. ಅವಳು ಮಾಟಗಾತಿ. ಗಾಡಿ ರಿಪೇರಿಯ ಮೆಕ್ಯಾನಿಕ್ ಕಳ್ಳ. ಗುರಾಣಿ ಹಿಡಿದು ಎಲ್ಲರಿಗಿಂತ ಮುಂದೆ ನಡೆಯುವ ಯೋಧ ನನ್ನ ಭಾವ, ಅಂದರೆ ಅಕ್ಕನ ಗಂಡ. ಬೆಂಕಿಯೊಳಗೆ ನುಗ್ಗುವ ತಂಡಕ್ಕೆ ಅವರೇ ಮುಂದಾಳು, ಹಾಗಾಗಿ ಕಥೆಯೊಳಗೂ ಹೊರಗೂ ಅವರ ಕೆಲಸ ಹೆಚ್ಚುಕಡಿಮೆ ಒಂದೇ. ಮನೆಯಲ್ಲಿ ಮೂರು ಮಾತಾಡದ ಮನುಷ್ಯ ಹಲಗೆಯ ಮುಂದೆ ಕೂತರೆ ಭಾಷಣವನ್ನೇ ಬಿಗಿಯುತ್ತಿದ್ದರು.

ಬಟ್ಟೆ ಗೋದಾಮಿಗೆ ಬೆಂಕಿ ಬೀಳುವವರೆಗೆ ಹಾಗಿತ್ತು. ಗೋದಾಮಿನ ಮೇಲೆ ಎರಡು ಬಾಡಿಗೆ ಕೋಣೆಗಳಿದ್ದವು. ಮೆಟ್ಟಿಲ ತುದಿಗೆ ಹೋದ ಭಾವನಿಗೆ ಎಡಗಡೆಯಿಂದ ಮಗು ಅಳುವುದು ಕೇಳಿತು, ಬಲಗಡೆಯಿಂದ ಯಾರೋ ಬಾಗಿಲು ಬಡಿಯುವುದು ಕೇಳಿತು. ಅವರು ಎಡಕ್ಕೆ ಹೋದರು. ತಾಯಿಯನ್ನೂ ಮಗುವನ್ನೂ ಕೆಳಗೆ ತಂದು ಮಲಗಿಸಿ ತಿರುಗುವಷ್ಟರಲ್ಲಿ ಮೆಟ್ಟಿಲು ಕುಸಿದಿತ್ತು. ಬಲಗಡೆ ಇದ್ದವನು ಒಬ್ಬ ಮುದುಕ ಟೈಲರ್ ಎಂದು ಮಾರನೆಯ ದಿನ ಗೊತ್ತಾಯಿತು.

ಭಾವನನ್ನು ಯಾರೂ ದೂರಲಿಲ್ಲ. ಠಾಣೆಯ ಸಾಹೇಬರು ಬೆನ್ನು ತಟ್ಟಿದರು, ಆ ತಾಯಿ ಬಂದು ಕಾಲಿಗೆ ಬಿದ್ದಳು. ಭಾವ ಮಾತು ನಿಲ್ಲಿಸಿದರು.

ಕೆಲವು ವಾರ ನೋಡಿ ಅಕ್ಕ ನನ್ನನ್ನು ಹುಡುಕಿಕೊಂಡು ಠಾಣೆಗೇ ಬಂದಳು. ಗಾಡಿಯ ಚಕ್ರ ತೊಳೆಯುತ್ತಿದ್ದವನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು.

“ರಾತ್ರಿ ಎದ್ದು ಗೋಡೆಗೆ ಕಿವಿ ಇಟ್ಕೊಂಡು ಕೂರ್ತಾರೆ ಕಣೋ. ಏನ್ರೀ ಅಂದ್ರೆ, ಯಾರೋ ಬಡೀತಿದಾರೆ ಅಂತಾರೆ. ಪಕ್ಕದ ಮನೆ ಖಾಲಿ ಬಿದ್ದಿದೆ.”

“ಡಾಕ್ಟರಿಗೆ ತೋರಿಸು ಅಕ್ಕ.”

“ತೋರಿಸಿದೆ. ಅಲ್ಲೂ ಹೂಂ, ಊಹೂಂ, ಅಷ್ಟೇ. ಅವರು ಮಾತಾಡ್ತಿದ್ದಿದ್ದು ನಿನ್ನ ಆ ಹಲಗೆ ಮುಂದೆ ಮಾತ್ರ. ಹೇಗಾದ್ರೂ ಮಾಡಿ ಬಾಯಿ ಬಿಡಿಸೋ. ಎಲ್ಲಾ ಒಳಗೇ ಇಟ್ಕೊಂಡು ಕೊನೆಗೆ ಏನಾದ್ರೂ ಮಾಡ್ಕೊಂಡ್ರೆ ನನ್ನ ಗತಿ ಏನು?”

ಅಕ್ಕ ಅಳುವವಳಲ್ಲ. ಅವತ್ತು ಅತ್ತಳು. ನನಗೆ ಸಂಕಟವಾಯಿತು, ಅದರ ಜೊತೆಗೆ, ಮುಚ್ಚಿಟ್ಟು ಏನು ಪ್ರಯೋಜನ, ಸ್ವಲ್ಪ ಹೆಮ್ಮೆಯೂ ಆಯಿತು. ಡಾಕ್ಟರ ಕೈಲಾಗದ್ದು ನನ್ನ ಕೈಲಾಗುತ್ತದೆ ಎಂದುಕೊಂಡೆ.

ಯಾವುದನ್ನು ಹಿಡಿದರೂ ಇನ್ನೊಂದು ಹೋಗುತ್ತಿತ್ತು, ಅದು ನಿಮ್ಮ ತಪ್ಪಲ್ಲ ಎಂದು ಬಾಯಲ್ಲಿ ಹೇಳಿದವರು ಬೇಕಾದಷ್ಟು ಜನ. ಭಾವನ ಕಿವಿಗೆ ಅದು ಇಳಿದಿರಲಿಲ್ಲ. ಕಥೆಯೊಳಗೆ ಅವರೇ ನಿಂತು ಕಂಡುಕೊಂಡರೆ ನಂಬಿಯಾರು. ಅದಕ್ಕೇ ಉರಿಯುವ ಗೋಪುರವೊಂದನ್ನು ಕಟ್ಟಿದೆ. ತುದಿಯಲ್ಲಿ ಎರಡು ಬಾಗಿಲು, ನಡುವೆ ಯೋಧ ಒಬ್ಬನೇ. ಮಾಟಗಾತಿಯ ಶಕ್ತಿಯನ್ನು ಹಿಂದಿನ ಕಾಳಗದಲ್ಲೇ ಖರ್ಚು ಮಾಡಿಸಿದೆ. ಬೇಟೆಗಾರ ಕೆಳಗೆ ಕುದುರೆ ಹಿಡಿದುಕೊಂಡು ನಿಲ್ಲುವಂತೆ ಮಾಡಿದೆ. ಕಳ್ಳನನ್ನು ಅವನ ಪಕ್ಕಕ್ಕೆ ತಳ್ಳಿದೆ. ಒಂದು ಇಲಿ ನುಸುಳುವಷ್ಟು ಸಂದೂ ಬಿಡಲಿಲ್ಲ.

ಆಟದ ದಿನ ಮೆಕ್ಯಾನಿಕ್ ಬರಲಿಲ್ಲ. ಭಾವನನ್ನು ಕೈಹಿಡಿದು ಕರೆತಂದ ಅಕ್ಕನನ್ನೇ ಅವನ ಜಾಗದಲ್ಲಿ ಕೂರಿಸಿದೆ.

“ನಾನು ಯಾರು ಇದ್ರಲ್ಲಿ?”

“ಕಳ್ಳಿ.”

“ಥೂ ನಿನ್ನ! ಅಕ್ಕನಿಗೆ ಕೊಡೋಕೆ ಬೇರೆ ಮರ್ಯಾದೆ ಕೆಲಸ ಯಾವುದೂ ಸಿಗಲಿಲ್ವಾ?”

ಎಲ್ಲರೂ ನಕ್ಕರು. ಭಾವನ ತುಟಿಯೂ ಸ್ವಲ್ಪ ಅಲುಗಿತು. ಅಕ್ಕ ಅದನ್ನು ನೋಡಿದ್ದನ್ನು ನಾನು ನೋಡಿದೆ.

ಕಥೆ ಗೋಪುರದ ತುದಿಗೆ ಬಂತು. ಎಡಬಾಗಿಲ ಹಿಂದೆ ಮಗು ಅಳುತ್ತಿದೆ, ಬಲಬಾಗಿಲನ್ನು ಒಳಗಿನಿಂದ ಯಾರೋ ಬಡಿಯುತ್ತಿದ್ದಾರೆ ಎಂದೆ. ಹಲೋ ನನ್ನನ್ನು ನುಂಗುವಂತೆ ನೋಡಿದಳು. ಗೋದಾಮಿನ ಕರೆ ತೆಗೆದುಕೊಂಡವಳು ಅವಳೇ. ಏಣಿ ತಲೆ ತಗ್ಗಿಸಿ ಹಲಗೆಯ ಅಂಚನ್ನು ಉಗುರಿನಿಂದ ಕೆರೆಯತೊಡಗಿದ. ಭಾವ ಮಾತ್ರ ಕಣ್ಣು ಕೀಳಲಿಲ್ಲ.

“ಎಡಕ್ಕೆ ಹೋದ್ರೆ ಬಲಗಡೆಯವರು ಸಾಯ್ತಾರಾ?”

“ಸಾಯ್ತಾರೆ ಭಾವ.”

“ಬಲಕ್ಕೆ ಹೋದ್ರೆ?”

“ಮಗು ಸಾಯುತ್ತೆ.”

“ಖಂಡಿತವಾ?”

“ಖಂಡಿತ. ಬೇರೆ ದಾರೀನೇ ಇಲ್ಲ.”

ಭಾವ ಉಸಿರು ಬಿಟ್ಟರು. ಬೆಂಕಿಯ ದಿನದಿಂದ ಬಿಗಿದುಕೊಂಡಿದ್ದ ಅವರ ಭುಜಗಳು ಕೆಳಗಿಳಿದವು. ಕಣ್ಣಲ್ಲಿ ನೀರು ಬಂತು. “ಹಾಗಾದ್ರೆ ನಾನು…” ಎಂದು ಬಾಯಿ ತೆರೆದರು. ಗೆದ್ದೆ ಎಂದುಕೊಂಡೆ.

ಅಕ್ಕನಿಗೆ ಆ ಕಣ್ಣೀರು ನೋಡಲಾಗಲಿಲ್ಲ. “ತಡಿಯೋ ಸ್ವಲ್ಪ. ಆ ಬಲಗಡೆ ರೂಮಿಗೆ ಕಿಟಕಿ ಇಲ್ವಾ?” ಎಂದಳು.

ಕಥೆ ಹೇಳುವವರಿಗೆ ಒಂದು ಅಭ್ಯಾಸ ಬೆಳೆದುಬಿಟ್ಟಿರುತ್ತದೆ. ಆಡುವವರು ಅಲ್ಲಿ ಅದು ಇದೆಯಾ, ಇದು ಇದೆಯಾ ಎಂದು ಕೇಳಿದಾಗ, ಇರಬಹುದಾದದ್ದಾದರೆ ಇದೆ ಎಂದುಬಿಡುತ್ತೇವೆ. ಇಲ್ಲ, ಇಲ್ಲ ಎನ್ನುತ್ತಾ ಹೋದರೆ ಆಟ ಸತ್ತುಹೋಗುತ್ತದೆ. ಕೋಣೆ ಎಂದಮೇಲೆ ಕಿಟಕಿ ಇರುತ್ತದೆ. “ಇದೆ” ಎಂದು ನನ್ನ ಬಾಯಿಂದ ಬಂದುಹೋಯಿತು.

“ಮತ್ತೆ! ಇವರು ಮೇಲಿಂದ ಒಂದು ಕೂಗು ಹಾಕ್ಲಿ. ಕೆಳಗೆ ಏಣಿ ಸುಮ್ನೆ ನಿಂತಿದಾನಲ್ಲ, ಅವನು ಹಿಂದಗಡೆಯಿಂದ ಕಿಟಕಿಗೆ ಹತ್ತಲಿ. ಇವರು ಮಗೂನ ಎತ್ಕೊಳ್ಳಲಿ. ಇಬ್ರೂ ಉಳೀತಾರೆ.”

“ಅರೆ ಹೌದಲ್ಲ! ನಾನು ಅಲ್ಲಿ ಕುದುರೆ ಬಾಲ ಹಿಡ್ಕೊಂಡು ಏನ್ ಮಾಡ್ತಿದೀನಿ?” ಎಂದು ಏಣಿ ಎದ್ದೇ ನಿಂತ.

ಕಿಟಕಿಗೆ ಕಬ್ಬಿಣದ ಸರಳಿದೆ ಎನ್ನಬಹುದಿತ್ತು. ಹಿಂದೆ ಪ್ರಪಾತವಿದೆ ಎನ್ನಬಹುದಿತ್ತು. ಅಕ್ಕನ ಮುಖ ನೋಡಿದೆ. ಗಂಡನನ್ನು ನಿಜವಾಗಿಯೂ ಬೆಂಕಿಯಿಂದ ಎಳೆದು ತಂದೆ ಎನ್ನುವ ಸಂತೋಷ ಅದರಲ್ಲಿತ್ತು. ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. ದಾಳ ಎಸೆಯಲು ಹೇಳಿದೆ, ಸಣ್ಣ ಸಂಖ್ಯೆ ಬೀಳಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಹತ್ತೊಂಬತ್ತು ಬಿತ್ತು.

ಏಣಿ ಸೀಟಿ ಹೊಡೆದ. ಅಕ್ಕ ಭಾವನ ಕೈ ಹಿಡಿದು ಅಲುಗಿಸಿದಳು. “ನೋಡಿದ್ರಾ? ಇಬ್ರೂ ಉಳಿದ್ರು!”

ಭಾವ ಕೈ ಬಿಡಿಸಿಕೊಳ್ಳಲಿಲ್ಲ. “ಅಲ್ಲೂ ಕಿಟಕಿ ಇತ್ತು” ಎಂದರು.

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ.

“ಟೈಲರ್ ರೂಮಿಗೆ. ಹಿಂದಿನ ಓಣಿ ಕಡೆಗೆ.” ನನ್ನ ಕಡೆ ತಿರುಗಿದರು. “ನೀನು ಡ್ರೈವರ್. ಹೇಳು, ಏಣಿ ಹೊತ್ತ ನಮ್ಮ ಗಾಡಿ ಆ ಓಣಿಗೆ ಹೋಗ್ತಿತ್ತಾ?”

ಹೌದು ಎಂದರೆ ಅವರು ಅಲ್ಲೇ ಮುಳುಗುತ್ತಿದ್ದರು. ಇಲ್ಲ ಎಂದರೆ ಸುಳ್ಳು. ಇಷ್ಟು ವರ್ಷ ಬೇರೆಯವರನ್ನು ಇಂಥ ಜಾಗದಲ್ಲಿ ನಿಲ್ಲಿಸಿ ಟೀ ಕುಡಿಯುತ್ತಾ ಮಜಾ ನೋಡಿದವನು ನಾನು.

“ಇಲ್ಲ ಭಾವ. ಓಣಿ ಇಕ್ಕಟ್ಟು. ಸಾಧ್ಯವೇ ಇರಲಿಲ್ಲ.”

“ವಾಪಸ್ ಬರುವಾಗ ನೀನು ಗಾಡಿ ತಿರುಗಿಸಿದ್ದು ಅಲ್ಲೇ.”

ಹಲೋ ಮುಂದೆ ಬಾಗಿ, “ಆ ಹೊಗೆಯಲ್ಲಿ ಅದೆಲ್ಲಾ ಯಾರಿಗೆ ಸರ್ ಹೊಳೆಯುತ್ತೆ?” ಎಂದಳು.

“ಇವಳಿಗೆ ಹೊಳೀತಲ್ಲ” ಎಂದರು ಭಾವ. ಮಾತಿನಲ್ಲಿ ಸಿಟ್ಟು ಇರಲಿಲ್ಲ, ಹೆಂಡತಿಯನ್ನು ಹೊಗಳುವಂತಿತ್ತು. “ಕೂತಲ್ಲೇ ಹೊಳೀತು. ನಾನು ವೈರ್‌ಲೆಸ್ಸಲ್ಲಿ ಒಂದು ಮಾತು ಹೇಳಿದ್ರೆ ಸಾಕಿತ್ತು. ಏಣಿ ಕೆಳಗೇ ಇದ್ದ.”

ಏಣಿ ಕೂತುಬಿಟ್ಟ. ಅಕ್ಕ ಭಾವನ ತೋಳು ಹಿಡಿದು, “ಆಟ ಕಣ್ರೀ ಇದು. ಬರೀ ಆಟ” ಎನ್ನುತ್ತಲೇ ಇದ್ದಳು.

ಆಮೇಲೆ ಭಾವ ಮಾತು ನಿಲ್ಲಿಸಲಿಲ್ಲ. ಪಕ್ಕದ ಬೀದಿಯ ಅಂಗಡಿಯವನಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಮನೆಗೆ ನೋಡಲು ಬಂದ ಸಾಹೇಬರಿಗೆ, ಎಲ್ಲರಿಗೂ ಅದನ್ನೇ ಹೇಳಿದರು: ಕಿಟಕಿ ಎಲ್ಲಿತ್ತು, ಏಣಿಯನ್ನು ಎಲ್ಲಿ ಊರಬಹುದಿತ್ತು. ಕೆಲಸಕ್ಕೆ ಅವರು ಮರಳಲಿಲ್ಲ. ಸಾಹೇಬರೂ ಕರೆಯುವುದನ್ನು ಬಿಟ್ಟರು. ನಾನು ಹಲಗೆಯನ್ನು ಉಗ್ರಾಣಕ್ಕೆ ಹಾಕಿದೆ.

ಹೋದ ವಾರ ಅವರ ಮನೆಗೆ ಹೋಗಿದ್ದೆ. ಅಡುಗೆಮನೆಯಲ್ಲಿ ಅಕ್ಕ ನನಗೆ ಬೆನ್ನು ಹಾಕಿ ಪಾತ್ರೆ ಉಜ್ಜುತ್ತಿದ್ದಳು. ಸೊರಗಿಹೋಗಿದ್ದಳು.

“ಕಿಟಕಿ ಇದೆ ಅಂತ ಯಾಕೋ ಹೇಳ್ದೆ?” ಎಂದಳು.

ನೀನು ಕೇಳಿದೆಯಲ್ಲ ಎನ್ನುವ ಮಾತು ತುಟಿಯವರೆಗೆ ಬಂತು. ನುಂಗಿಕೊಂಡೆ. “ತಪ್ಪಾಯ್ತು ಅಕ್ಕ. ಎಲ್ಲಾ ನನ್ನದೇ ತಪ್ಪು” ಎಂದೆ. ಅವಳು ತಿರುಗಲಿಲ್ಲ, ಉಜ್ಜಿದ ಪಾತ್ರೆಯನ್ನೇ ಮತ್ತೆ ಉಜ್ಜತೊಡಗಿದಳು. ಒಳಗಿನ ಕೋಣೆಯಲ್ಲಿ ಭಾವ ಯಾರಿಗೋ ಫೋನಿನಲ್ಲಿ ಆ ಓಣಿಯ ಅಗಲ ಎಷ್ಟೆಂದು ಹೇಳುತ್ತಿದ್ದರು.