ಹೊಗೆಯೋ ಮೈಲಿಗೆಯೋ

ಗುಡ್ಡಕ್ಕೆ ಬೆಂಕಿ ಬಿದ್ದು ಅಂದಿಗೆ ನಾಲ್ಕು ದಿನ. ಕೆಂಗೇರಿಯ ಮಂದಿ ಕಣ್ಣುಜ್ಜಿಕೊಂಡು, ಕೆಮ್ಮಿಕೊಂಡು, ಒಣಗಲು ಹಾಕಿದ ಬಟ್ಟೆಯ ಮೇಲಿನ ಬೂದಿ ಕೊಡವಿಕೊಂಡು ತಮ್ಮ ಪಾಡಿಗೆ ತಾವಿದ್ದರು. ಬೇಸಿಗೆ ಬಂತು, ಗುಡ್ಡ ಉರಿಯಿತು, ಅದರಲ್ಲೇನು ವಿಶೇಷ? ಆದರೆ ಊರಾಚೆ ಗುಡ್ಡಕ್ಕೆ ಮುಖ ಮಾಡಿದ್ದ ರೇಷ್ಮೆ ಹುಳದ ಮನೆಯಲ್ಲಿ ಗಂಗಲಕ್ಷ್ಮಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಹೊಗೆಯನ್ನು ಬೈದಳು, ಗಾಳಿಯನ್ನು ಬೈದಳು, ಕಿಟಕಿಗೆ ಕಟ್ಟುವ ಗೋಣಿಚೀಲ ನೆನೆಸಲು ತಂದ ನೀರು ಸಾಲಲಿಲ್ಲವೆಂದು ಬಾವಿಯನ್ನೂ ಬೈದಳು.

ಅವಳ ರೇಷ್ಮೆ ಹುಳಗಳು ನಾಲ್ಕನೇ ಜ್ವರ ಎದ್ದಿದ್ದವು. ಹುಳ ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ ಸುಮ್ಮನೆ ನಿಂತು, ಪೊರೆ ಕಳಚಿ ಏಳುತ್ತದೆ; ಸಾಕುವವರು ಅದನ್ನೇ ಜ್ವರ ಅನ್ನುವುದು. ನಾಲ್ಕನೆಯದು ಎದ್ದ ಮೇಲೆ ಒಂದು ವಾರ ಹೊಟ್ಟೆ ಬಿರಿಯ ತಿಂದು, ಹಣ್ಣಾಗಿ, ಗೂಡು ಕಟ್ಟುತ್ತದೆ. ಇನ್ನು ಮೂರು ದಿನ ದಾಟಿದರೆ ಸಾಕಿತ್ತು. ದಾಟಲೇಬೇಕಿತ್ತು, ಯಾಕೆಂದರೆ ಬಾವಿಕಟ್ಟೆಯಲ್ಲಿ ಹತ್ತು ಹೆಂಗಸರ ಮುಂದೆ ಅವಳು ಮಾತು ಕೊಟ್ಟುಬಿಟ್ಟಿದ್ದಳು.

"ಈ ಬೆಳೆನೂ ಹೋದ್ರೆ ನಾನೇ ಬ್ಯಾಡರಹಳ್ಳಿಗೆ ನಡ್ಕೊಂಡ್ ಹೋಗಿ ಆ ಸೊಸೇನ ಕರ್ಕೊಂಡ್ ಬರ್ತೀನಿ. ಆದ್ರೆ ಬೆಳೆ ಹೋಗಲ್ಲ. ಬೇಕಾದ್ರೆ ನೋಡ್ತಾ ಇರಿ."

ಸೊಸೆ ಪುಟ್ಟಲಕ್ಷ್ಮಿ ಮದುವೆಯಾಗಿ ಬಂದ ವರ್ಷವೇ ಹುಳ ಸಾಕಣೆ ಊರೊಳಗಿನ ಇಕ್ಕಟ್ಟು ಮನೆಯಿಂದ ಈ ಹೊಸ ಮನೆಗೆ ಬಂದದ್ದು. ಆ ಬೇಸಿಗೆಯ ಬೆಳೆ ಹೋಯಿತು. ಮರುವರ್ಷದ್ದೂ ಹೋಯಿತು. ಹುಳಗಳು ಹಸಿರು ಕಕ್ಕಿ, ಸುರುಟಿಕೊಂಡು ತಟ್ಟೆಯಲ್ಲೇ ಸತ್ತವು. ಇಪ್ಪತ್ತು ವರ್ಷ ತಪ್ಪದೆ ಗೂಡು ಬಿಡಿಸಿದ ಕೈ ಗಂಗಲಕ್ಷ್ಮಮ್ಮನದು. ಹಾಗಾದರೆ ತಪ್ಪು ಯಾರದು? ಹೊಸದಾಗಿ ಬಂದವಳದೇ. ಮುಟ್ಟಾದದ್ದನ್ನು ಮುಚ್ಚಿಟ್ಟು ಹುಳದ ಮನೆಗೆ ಕಾಲಿಟ್ಟಿದ್ದಾಳೆ, ಹುಳಕ್ಕೆ ಮೈಲಿಗೆ ತಗಲಿದೆ ಎಂದು ಗಂಗಲಕ್ಷ್ಮಮ್ಮ ತೀರ್ಪು ಕೊಟ್ಟಳು.

"ಇಲ್ಲ ಅತ್ತೆ, ಹೊಗೆ ಕುಡ್ದು ಸತ್ತವೆ. ಗುಡ್ಡದ ಕಡೆ ಕಿಟಕಿ ಪಕ್ಕ ಇದ್ದ ತಟ್ಟೆಗಳೇ ಮೊದ್ಲು ಹೋಗಿದ್ದು, ನೀವೇ ನೋಡಿ" ಎಂದಿದ್ದಳು ಪುಟ್ಟಲಕ್ಷ್ಮಿ.

"ನಂಗೇ ಹುಳ ಸಾಕೋದು ಹೇಳ್ಕೊಡೋಕೆ ಬಂದ್ಯಾ?" ಎಂದು ಗಂಗಲಕ್ಷ್ಮಮ್ಮ ಬಾಯಿಗೆ ಬಂದಂತೆ ಬೈದು, ಬಟ್ಟೆಯ ಗಂಟು ಕೈಗೆ ಕೊಟ್ಟು ಅವಳನ್ನು ತವರಿಗೆ ಅಟ್ಟಿದಳು. ಮಗ ಅಂಜಿನಯ್ಯ ರಾಜಾಜಿನಗರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಭಾನುವಾರ ಬಂದವನು ಹೆಂಡತಿಯಿಲ್ಲದ ಮನೆಯನ್ನು ನೋಡಿ, ತಲೆ ತಗ್ಗಿಸಿ ಉಂಡು, ಬಸ್ಸು ಹತ್ತಿಹೋದ. ಆ ಮಹಾರಾಯನಿಗೆ ದೇವರು ಬಾಯಿ ಕೊಟ್ಟದ್ದು ಊಟಕ್ಕೆ ಮಾತ್ರ.

ಈ ವರ್ಷ ಗಂಗಲಕ್ಷ್ಮಮ್ಮ ಯಾವುದಕ್ಕೂ ಎಡೆ ಕೊಟ್ಟಿರಲಿಲ್ಲ. ಸಹಾಯಕ್ಕೆ ಇಟ್ಟುಕೊಂಡದ್ದು ಪಕ್ಕದ ಬೀದಿಯ ನರಸಮ್ಮನನ್ನು. ಗಂಡ ಸತ್ತವಳು, ಐವತ್ತೈದು ದಾಟಿದವಳು, ಮುಟ್ಟು ನಿಂತು ಎಷ್ಟೋ ವರ್ಷವಾದವಳು. ಇಬ್ಬರೂ ಮಿಂದು ಮಡಿಯುಟ್ಟೇ ಹುಳ ಮುಟ್ಟುತ್ತಿದ್ದರು. ಬೇರೆ ಯಾವ ಹೆಂಗಸಿನ ನೆರಳೂ ಬಾಗಿಲಿನೊಳಗೆ ಬಿದ್ದಿರಲಿಲ್ಲ.

ಆದರೂ ಹೊಗೆ ಬಂತು. ಮಡಿ ಕೇಳಿಕೊಂಡು ಬರುವ ಹೊಗೆ ಎಲ್ಲಿದೆ? ಕಿಟಕಿಗೆ ನೆನೆಸಿದ ಗೋಣಿ ಕಟ್ಟಿದರು. ಬಾಗಿಲ ಸಂದಿಗೆ ಸಗಣಿ ಮೆತ್ತಿದರು. ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತ ಬೂದಿಯನ್ನು ಎಲೆಎಲೆಯಾಗಿ ಸೆರಗಿನಲ್ಲಿ ಒರೆಸಿದರು. ಐದನೇ ದಿನ ಬೆಳಗ್ಗೆ, ಸೊಪ್ಪು ಹಾಕಿದರೆ ಸೋನೆಮಳೆಯಂತೆ ಕೇಳಬೇಕಿದ್ದ ಮೇಯುವ ಸದ್ದು ಅರ್ಧಕ್ಕರ್ಧ ಇಳಿದಿತ್ತು. ಗಂಗಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಅರಳಿಕಟ್ಟೆಗೆ ನಡೆದಳು.

ಕಟ್ಟೆಯ ಮೇಲೆ ಗಂಡಸರು ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ನಡುವೆ ಅವಳ ಗಂಡ ನಂಜುಂಡಪ್ಪನೂ ಇದ್ದ.

"ಹಿಂಗೆ ಕುಂತ್ಕೊಂಡು ಜಗೀತಾ ಇದ್ರೆ ಬೆಂಕಿ ತಾನಾಗೇ ಆರ್ತದಾ? ಸೊಪ್ಪಿನ ಬರ್ಲು ತಗೊಂಡು ನಾಲ್ಕು ಜನ ಹೋಗಿ ಬಡೀರಿ. ನನ್ನ ಹುಳ ಮೇವು ಬಿಡ್ತಾ ಅವೆ."

"ಉರೀಲಿ ಬಿಡಕ್ಕ" ಎಂದ ಚನ್ನವೀರಪ್ಪ. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ದನ ಇದ್ದದ್ದು ಅವನಿಗೇ. "ಹಳೇ ಹುಲ್ಲು ಸುಟ್ಟರೆ ತಾನೆ ಯುಗಾದಿ ಮಳೆಗೆ ಎಳೇ ಹುಲ್ಲು ಬರೋದು? ದನಕ್ಕೂ ಹೊಟ್ಟೆ ಐತಲ್ಲ."

"ಅಂದ್ರೆ ಹಚ್ಚಿದೋರು ನೀವೇನಾ? ಫಾರೆಸ್ಟ್ ಗಾರ್ಡು ಬಂದಾಗ ಯಾರೋ ದಾರಿಹೋಕ ಬೀಡಿ ಎಸ್ದ ಅಂತ ಒಂದೇ ಬಾಯಲ್ಲಿ ಹೇಳಿದ್ರಲ್ಲ."

"ಮತ್ತೆ ಗಾರ್ಡಿಗೆ ಹೆಸ್ರು ಬರ್ಸೋಕಾಗ್ತದಾ? ವರ್ಷಕ್ಕೊಬ್ಬರ ಸರದಿ. ಈ ಸಲ ನಿಮ್ಮ ಯಜಮಾನ್ರದು." ಚನ್ನವೀರಪ್ಪ ನಕ್ಕ. ಅದರಲ್ಲಿ ಮುಚ್ಚಿಡುವಂಥದ್ದು ಏನಿದೆ ಎಂಬಂತೆ ಉಳಿದವರೂ ನಕ್ಕರು.

ಗಂಗಲಕ್ಷ್ಮಮ್ಮನ ಕಣ್ಣು ಗಂಡನ ಮೇಲೆ ನಿಂತಿತು. ಮೂವತ್ತು ವರ್ಷ ಅನ್ನ ಹಾಕಿದ್ದಾಳೆ ಈ ಮನುಷ್ಯನಿಗೆ. ಹುಳ ಜ್ವರ ಎದ್ದ ದಿನ ತಟ್ಟೆಗೆ ಕೈ ಮುಗಿದವನು, ಮಾರನೆಯ ದಿನ ಕಡ್ಡಿ ಗೀರಿ ಬಂದಿದ್ದಾನೆ.

"ನೀವಾ? ನನ್ನ ಹುಳದ ಮನೆ ಎದುರಿಗೇ?"

ನಂಜುಂಡಪ್ಪ ಎಲೆಯ ತೊಟ್ಟು ಮುರಿಯುತ್ತಾ ಹೇಳಿದ: "ಹುಳಕ್ಕೂ ಬೆಂಕಿಗೂ ಏನ್ ಸಂಬಂಧನೇ? ಹೋದ್ ವರ್ಷ ನೀನೇ ತಾನೆ ಹೇಳಿದ್ದು, ಹುಳ ಸತ್ತಿದ್ದು ಮೈಲಿಗೆಗೆ ಅಂತ. ಹೊಗೆಗೆ ಅಂತ ಆ ಹುಡುಗಿ ಬಡ್ಕೊಂಡ್ರೂ ಕೇಳ್ಲಿಲ್ಲ ನೀನು. ಹೊಗೆ ಏನೂ ಮಾಡಲ್ಲ ಅಂತ ಗೊತ್ತಾದ್ಮೇಲೆ ತಾನೆ ನಾನು ಹಚ್ಚಿದ್ದು."

ಜಗಳಕ್ಕೆ ನಿಂತರೆ ಇಡೀ ಕೆಂಗೇರಿಯನ್ನು ಹಿಂದೆ ಸರಿಸುವ ಬಾಯಿ ಅವಳದು. ಅಂದು ಅವಳು ತಿರುಗಿ ಹುಳದ ಮನೆಗೆ ಬಂದಳು. ಹೊಟ್ಟೆಯೊಳಗಿನ ಸಿಟ್ಟು ಗಂಡನ ಮೇಲೋ ತನ್ನ ಮೇಲೋ ಅವಳಿಗೇ ಗೊತ್ತಾಗಲಿಲ್ಲ. ಗಂಡನ ಮೇಲೆ ಎಂದುಕೊಳ್ಳುವುದು ಸುಲಭವಾಗಿತ್ತು, ಹಾಗೆಯೇ ಅಂದುಕೊಂಡು ಮತ್ತೆ ಗೋಣಿ ನೆನೆಸತೊಡಗಿದಳು.

ಆರನೇ ದಿನ ಗಾಳಿ ನೆಟ್ಟಗೆ ಇತ್ತಲೇ ತಿರುಗಿತು. ಗುಡ್ಡದ ಕಡೆಯ ಕಿಟಕಿಯ ಪಕ್ಕದ ತಟ್ಟೆಯ ಹುಳಗಳು ಮೊದಲು ತಲೆಯೆತ್ತಿ ತೂಗಾಡಿದವು, ಆಮೇಲೆ ಹಸಿರು ಕಕ್ಕಿದವು. ಅದರ ಪಕ್ಕದ್ದು, ಅದರಾಚೆಯದು, ಸಾಲಾಗಿ. ಯಾವ ತಟ್ಟೆಯಿಂದ ಯಾವ ತಟ್ಟೆಗೆ ಸಾವು ಹೋಗುತ್ತದೆಂದು ಗಂಗಲಕ್ಷ್ಮಮ್ಮ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಆ ಹುಡುಗಿ ಬೆರಳು ಮಾಡಿ ತೋರಿಸಿದ್ದು ಇದನ್ನೇ. ಎರಡು ವರ್ಷ ಕಣ್ಣೆದುರಿಗೆ ಇತ್ತು. ಸಂಜೆ ಹೊತ್ತಿಗೆ ಮೇಯುವ ಸದ್ದು ಪೂರ್ತಿ ನಿಂತಿತು. ನರಸಮ್ಮ ಮೂಲೆಯಲ್ಲಿ ಕೂತು ಸದ್ದಿಲ್ಲದೆ ಅಳುತ್ತಿದ್ದಳು.

ನಂಜುಂಡಪ್ಪ ಬಂದು ಬಾಗಿಲಲ್ಲಿ ನಿಂತ. ಒಳಗೆ ನೋಡಿದ. ಅವನ ಮುಖ ಸ್ವಲ್ಪ ಬಿಳಿಚಿಕೊಂಡಿತು. ಆಮೇಲೆ ನರಸಮ್ಮನ ಕಡೆ ತಿರುಗಿದ.

"ನಾನ್ ಅವತ್ತೇ ಅಂದ್ಕೊಂಡೆ. ಗಂಡ ಸತ್ತೋಳನ್ನ ಹುಳದ ಮುಂದೆ ಕೂರ್ಸಿದ್ರೆ ಇನ್ನೇನಾಗ್ತದೆ? ಇವಳ ಕಣ್ಣೇ ತಗ್ಲಿರೋದು."

ನರಸಮ್ಮ ಎದ್ದು ನಿಂತು, ಸೆರಗು ತಲೆಯ ಮೇಲೆ ಎಳೆದುಕೊಂಡಳು. ಹೋದ ವರ್ಷ ಪುಟ್ಟಲಕ್ಷ್ಮಿ ಅದೇ ಜಾಗದಲ್ಲಿ, ಹಾಗೆಯೇ ಎದ್ದು ನಿಂತಿದ್ದಳು.

"ಕೂತ್ಕೊ ನರಸಮ್ಮ" ಎಂದಳು ಗಂಗಲಕ್ಷ್ಮಮ್ಮ. ಸತ್ತ ಹುಳದ ತಟ್ಟೆಯೊಂದನ್ನು ಎತ್ತಿ ಗಂಡನ ಎದೆಗೆ ತಂದು ಹಿಡಿದಳು.

"ಹಿಡ್ಕೊಳ್ಳಿ. ಇದನ್ನ ತಗೊಂಡೋಗಿ ಕಟ್ಟೆ ಮೇಲೆ ಸುರೀರಿ. ನಿಮ್ಮ ಚನ್ನವೀರಪ್ಪನ ಮುಂದೆ, ಎಲ್ಲರ ಮುಂದೆ. ಕಡ್ಡಿ ಗೀರಿದ್ದು ಈ ಕೈ ಅಂತ ಹೇಳಿ. ಇನ್ನೊಂದ್ಸಲ ಈ ಹೆಂಗಸಿನ ಹೆಸ್ರು ನಿಮ್ಮ ಬಾಯಲ್ಲಿ ಬಂದ್ರೆ, ನಾನೇ ಗಾರ್ಡು ಹತ್ರ ಹೋಗಿ ನಿಮ್ಮ ಹೆಸ್ರು ಬರಸ್ತೀನಿ. ಗಂಡ ಅಂತ ನೋಡಲ್ಲ."

"ನೀನೂ ಹಿಂಗೇ ಅಂದಿದ್ದೆ ಕಣೇ" ಎಂದ ನಂಜುಂಡಪ್ಪ.

"ಅಂದಿದ್ದೆ. ಅದಕ್ಕೇ ನಿಮ್ಮ ಬಾಯಿಂದ ಕೇಳೋಕಾಗ್ತಾ ಇಲ್ಲ."

ಮಾರನೆಯ ಬೆಳಗ್ಗೆ ಅವಳು ಬರಿಗೈಯಲ್ಲಿ ಹೊರಟಳು. ಉಳ್ಳಾಲ ದಾಟುವಷ್ಟರಲ್ಲಿ ಹೊಗೆ ತೆಳುವಾಯಿತು, ಮಾಗಡಿ ರಸ್ತೆ ಸಿಗುವ ಹೊತ್ತಿಗೆ ಆಕಾಶ ನೀಲಿಯಾಗಿತ್ತು. ಆ ನೀಲಿ ನೋಡಿ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ದಾರಿಯುದ್ದಕ್ಕೂ ಗಂಡನನ್ನು ಬೈದಳು, ಚನ್ನವೀರಪ್ಪನ ದನಗಳನ್ನು ಬೈದಳು, ತುಟಿ ಬಿಚ್ಚದ ಮಗನನ್ನು ಬೈದಳು. ಬ್ಯಾಡರಹಳ್ಳಿಗೆ ಬರುವಾಗ ಬೈಯಲು ಯಾರೂ ಉಳಿದಿರಲಿಲ್ಲ.

ಪುಟ್ಟಲಕ್ಷ್ಮಿ ತವರಿನ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಅತ್ತೆಯನ್ನು ಕಂಡು ಮೊರ ಕೆಳಗಿಟ್ಟಳು, ಆದರೆ ಏಳಲಿಲ್ಲ.

"ಹುಳ ಹೋದ್ವು" ಎಂದಳು ಗಂಗಲಕ್ಷ್ಮಮ್ಮ. "ಗುಡ್ಡದ ಹೊಗೆ. ಕಿಟಕಿ ಪಕ್ಕದ ತಟ್ಟೆನೇ ಮೊದ್ಲು. ನೀನ್ ಹೇಳಿದ್ದೇ ಸರಿ. ಬೆಂಕಿ ಹಚ್ಚಿದ್ದು ನಿಮ್ಮ ಮಾವನೇ. ಎದ್ದೇಳು, ಮನೆಗೆ ಹೋಗಾಣ."

ಪುಟ್ಟಲಕ್ಷ್ಮಿ ಅವಳ ಮುಖವನ್ನೇ ನೋಡಿದಳು. ದನಿ ಏರಿಸದೆ ಕೇಳಿದಳು:

"ಈ ಸಲ ಗಾಳಿ ಆ ಕಡೆ ಬೀಸಿ, ಹುಳ ಬದುಕಿದ್ದಿದ್ರೆ?"

ಗಂಗಲಕ್ಷ್ಮಮ್ಮನಿಗೆ ಉತ್ತರ ಗೊತ್ತಿತ್ತು. ಗೂಡು ಬುಟ್ಟಿಗೆ ತುಂಬಿಕೊಂಡು ಬಾವಿಕಟ್ಟೆಗೆ ಹೋಗಿ, ನೋಡಿದ್ರಾ, ಪಾಪಿ ಹೋದ್ಲು, ಮನೆ ಶುದ್ಧ ಆಯ್ತು ಎಂದು ಹತ್ತು ಹೆಂಗಸರಿಗೆ ಹೇಳುತ್ತಿದ್ದಳು. ಈ ಹುಡುಗಿ ಇದೇ ಅಂಗಳದಲ್ಲಿ, ಮುಟ್ಟು ಮುಚ್ಚಿಟ್ಟವಳೆಂಬ ಹೆಸರು ಹೊತ್ತು, ಮುದುಕಿಯಾಗುತ್ತಿದ್ದಳು.

"ಬರ್ತಿರ್ಲಿಲ್ಲ" ಎಂದಳು.

ಪುಟ್ಟಲಕ್ಷ್ಮಿ ಮೊರ ಎತ್ತಿಕೊಂಡು ರಾಗಿ ಕೇರತೊಡಗಿದಳು. ಗಂಗಲಕ್ಷ್ಮಮ್ಮ ಬಿಸಿಲಲ್ಲೇ ನಿಂತಿದ್ದಳು. ಅವಳನ್ನು ಯಾರೂ ಕೂರಲು ಹೇಳಲಿಲ್ಲ.