ಏಳನೇ ಸ್ಕ್ರೂ ಉದ್ದವಾಯಿತು

ನಲವತ್ತು ವರ್ಷ ಕುರ್ಚಿ, ಮಂಚ ಮಾಡಿದ ಬಡಗಿ, ಅಕ್ಕನ ಮನೆಯಲ್ಲಿ ಬಲ್ಬ್ ಬದಲಾಯಿಸಲು ಪ್ಲಾಸ್ಟಿಕ್ ಸ್ಟೂಲ್ ಹತ್ತಿ ಬಿದ್ದ. ಬಲತೋಳಿನ ಮೂಳೆ ಭುಜದ ಬುಡದಲ್ಲೇ ಮೂರು ಚೂರಾಯಿತು. ನೋವಿಗಿಂತ ಸ್ಟೂಲಿನ ಅವಮಾನವೇ ಅವನಿಗೆ ದೊಡ್ಡದಾಗಿತ್ತು. ಆಸ್ಪತ್ರೆಯಲ್ಲಿ ಯಾರು ಕೇಳಿದರೂ "ಮರದಿಂದ ಬಿದ್ದೆ" ಎಂದ.

"ಪ್ಲೇಟ್ ಇಟ್ಟು ಒಂಬತ್ತು ಸ್ಕ್ರೂ ಹಾಕ್ತೀವಿ," ಎಂದರು ಡಾಕ್ಟರಮ್ಮ.

"ಆರು ಸಾಕಾಗಲ್ವಾ?"

ಅಕ್ಕ ಅವನ ಎಡಗೈ ಚಿವುಟಿದಳು. "ಸುಮ್ನಿರೋ. ಅದು ಬೀರು ಅಲ್ಲ."

ಅವನನ್ನು ಪೂರ್ತಿ ಮಲಗಿಸದೆ, ಕುತ್ತಿಗೆಗೆ ಇಂಜೆಕ್ಷನ್ ಕೊಟ್ಟು ತೋಳಿಗಷ್ಟೇ ಜೋಮು ಹಿಡಿಸಿದರು.

"ಕೈ ಮರಗಟ್ಟಿದೆಯಾ?" ನರ್ಸ್ ಕೇಳಿದಳು.

"ಮರ ಆಗಿದ್ರೆ ನಾನೇ ಸರಿಮಾಡ್ಕೊಳ್ತಿದ್ದೆ."

ಮುಖಕ್ಕೆ ಹಸಿರು ಬಟ್ಟೆಯ ಮರೆ. ಆಚೆ ಡ್ರಿಲ್ ಸದ್ದು. ಆರು ಸ್ಕ್ರೂವರೆಗೆ ಅವನು ತುಟಿ ಬಿಚ್ಚಲಿಲ್ಲ. ಏಳನೆಯದಕ್ಕೆ ತಡೆಯಲಾಗಲಿಲ್ಲ.

"ಡಾಕ್ಟ್ರೇ, ಅದು ಉದ್ದ ಆಯ್ತು."

"ನಿಮಗೆ ಕಾಣಿಸ್ತಾನೇ ಇಲ್ವಲ್ಲ."

"ಕೇಳಿಸ್ತಲ್ಲ. ಡ್ರಿಲ್ ಆಚೆ ಬದಿಗೆ ತೂರಿತು."

ಎಕ್ಸ್-ರೇ ಹಿಡಿದು ನೋಡಿದರು. ಸ್ಕ್ರೂ ತುದಿ ಭುಜದ ಕೀಲಿನೊಳಕ್ಕೆ ಇಣುಕಿತ್ತು. ಡಾಕ್ಟರಮ್ಮ ಅದನ್ನು ತೆಗೆದು ಗಿಡ್ಡದೊಂದು ಹಾಕಿದರು.

"ಈಗ?"

"ಈಗ ಕೂತಿತು."

ಸುದ್ದಿ ವಾರ್ಡಿಗೆ ಹಬ್ಬಿತು. ಮರುದಿನ, ಕಾಲು ಮುರಿದಿದ್ದ ಪಕ್ಕದ ಮಂಚದ ಮೇಷ್ಟ್ರು, "ಬಡಗಿ ಕೇಳಿಸ್ಕೊಳ್ಳೋದಾದ್ರೆ ಮಾತ್ರ ನನ್ನನ್ನ ಒಳಗೆ ಕರ್ಕೊಂಡು ಹೋಗಿ," ಎಂದು ಹಟ ಹಿಡಿದರು. ಡಾಕ್ಟರಮ್ಮ ಅರ್ಧ ಗಂಟೆ ಬೈದರು. ಆಮೇಲೆ ಆಪರೇಷನ್ ಕೋಣೆಯ ಬಾಗಿಲ ಹೊರಗೆ ಒಂದು ಕುರ್ಚಿ ಹಾಕಿಸಿದರು. ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ಕೈ ತೂಗುಹಾಕಿಕೊಂಡ ಬಡಗಿ ಅಲ್ಲಿ ಕೂತು, ಸರಿಯಿದ್ದರೆ ಒಂದು ಸಲ, ಉದ್ದವಾದರೆ ಎರಡು ಸಲ ಬಾಗಿಲು ತಟ್ಟುತ್ತಿದ್ದ. ವಾರದೊಳಗೆ ಆಪರೇಷನ್ ಅರ್ಜಿಯಲ್ಲಿ "ಬಡಗಿಯ ಒಪ್ಪಿಗೆ" ಎಂಬ ಕಾಲಂ ಬಂತು. ಅವನನ್ನು ಮನೆಗೆ ಕಳಿಸಬಾರದೆಂದು ರೋಗಿಗಳು ಸಹಿ ಹಾಕಿದರು.

"ಇವನಿಗೇನು ಮನೆಮಠ ಇಲ್ವಾ?" ಎಂದು ಅಕ್ಕ ಜಗಳವಾಡಿದಳು.

ಒಂಬತ್ತನೇ ದಿನ ಅವನು ಗಾಬರಿಯಿಂದ ಎರಡು ಸಲ ಬಾಗಿಲು ತಟ್ಟಿದ. ಡಾಕ್ಟರಮ್ಮ ಹೊರಬಂದರು.

"ಯಜಮಾನ್ರೆ, ನಾವಿನ್ನೂ ಶುರುವೇ ಮಾಡಿಲ್ಲ."

ಪಕ್ಕದ ಕೋಣೆಯಲ್ಲಿ ಯಾರೋ ಗೋಡೆಗೆ ಡ್ರಿಲ್ ಹಾಕಿ ಕನ್ನಡಿ ಕೂರಿಸುತ್ತಿದ್ದರು. ಬಡಗಿ ಕಿವಿಯವರೆಗೂ ಕೆಂಪಾದ. ಮಧ್ಯಾಹ್ನವೇ ಅವನನ್ನು ಮನೆಗೆ ಕಳಿಸಿದರು.

ಮೂರು ತಿಂಗಳಲ್ಲಿ ಮೂಳೆ ಕೂಡಿತು. ಕೊನೆಯ ತಪಾಸಣೆಯಲ್ಲಿ ಅವನ ಕೈಯನ್ನು ಕಿವಿಯ ಮಟ್ಟಕ್ಕೆ ಎತ್ತಿ ನೋಡಿದ ಡಾಕ್ಟರಮ್ಮ, ಬಾಗಿಲು ಮುಚ್ಚಿದೆಯೇ ಎಂದು ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿದರು.

"ಸೋಮವಾರ ಒಂದು ಕಷ್ಟದ ಭುಜ ಇದೆ. ಬಿಡುವಿದೆಯಾ?"

"ಸೋಮವಾರ ಒಂದು ಬಾಗಿಲು ಕೂರಿಸಬೇಕಲ್ಲ."

ಆಪರೇಷನ್ ಮಂಗಳವಾರಕ್ಕೆ ಹೋಯಿತು.