ಇದ್ದದ್ದನ್ನು ಇದ್ದ ಹಾಗೆ

ಗಡಿ ಚೌಕಿಯಲ್ಲಿ ಅವಳು ಹದಿನಾಲ್ಕು ವರ್ಷದಿಂದ ದುಭಾಷಿ. ತಾಯಿ ಆಚೆ ದೇಶದವಳು, ತಂದೆ ಈಚೆಯವನು. ಎರಡು ಭಾಷೆಯೂ ತೊಟ್ಟಿಲಲ್ಲೇ ಬಂದಿದ್ದವು. ಈಚೆಯ ಸಾಹೇಬರು ಆಚೆಯವರನ್ನೆಲ್ಲ ಕಳ್ಳರೆಂದರೆ, 'ಸಾಗಣೆಯ ಬಗ್ಗೆ ನಮಗೆ ಆತಂಕವಿದೆ' ಎಂದು ನಯ ಮಾಡಿ ದಾಟಿಸುತ್ತಿದ್ದಳು. ಅದಕ್ಕೇ ಇಬ್ಬರಿಗೂ ಅವಳು ಬೇಕಾಗಿದ್ದಳು.

ಹಿಂದಿನ ಕೋಣೆಯಲ್ಲಿ ಹನ್ನೊಂದು ದಿನದಿಂದ ಆಚೆಯ ಒಬ್ಬ ಹೆಂಗಸನ್ನು ಕೂಡಿಹಾಕಿದ್ದರು. ದಿನವೂ ಗೇಟು ದಾಟಿ ಬಂದು, ಹಾಸಿಗೆ ಹಿಡಿದ ಮುದುಕಿಯೊಬ್ಬಳ ಆರೈಕೆ ಮಾಡಿ ಸಂಜೆ ಮರಳುವವಳು. ಮುದುಕಿಯ ಮಗ ಆಚೆಯಿಂದ ತರಿಸಿದ ನೋವಿನ ಮಾತ್ರೆ ಅವಳ ಚೀಲದಲ್ಲಿ ಸಿಕ್ಕಿತ್ತು. ಅದು ಮಾದಕ ವಸ್ತುಗಳ ಪಟ್ಟಿಗೆ ಸೇರಿ ತಿಂಗಳಾಗಿತ್ತಷ್ಟೆ. ಡಾಕ್ಟರ ಚೀಟಿ ಜೊತೆಗೇ ಇತ್ತು. ಸಾಹೇಬರು ಅದನ್ನು ಡ್ರಾಯರಿಗೆ ಹಾಕಿಕೊಂಡು ವರದಿಯಲ್ಲಿ 'ದಾಖಲೆ ಇಲ್ಲ' ಎಂದು ಬರೆದರು. ದುಭಾಷಿ ಆ ವರದಿಯನ್ನು ಆಕೆಗೆ ಅರೆಬರೆ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿದಳು. ಅಂದಿನಿಂದ ದುಭಾಷಿ ಆ ಕೋಣೆಯ ಕಡೆ ಹಾಯುವುದನ್ನೇ ಬಿಟ್ಟಳು.

ಈ ಒಂದು ಕೇಸು ಹಿಡಿದು ಈಚೆಯವರು ಆಚೆಯಿಂದ ಬರುವ ಕೂಲಿಯವರ ಗಡಿ ಪಾಸುಗಳನ್ನೆಲ್ಲ ನಿಲ್ಲಿಸಿದರು. ಸೇಡಿಗೆ ಆಚೆಯವರು ಲಾರಿಗಳನ್ನು ತಡೆದರು. ಕೊನೆಗೆ ಮಾತುಕತೆಗೆ ಕೂತರು.

ಇವರು ಕಳಿಸುವ ಒಬ್ಬೊಬ್ಬ ಕೆಲಸದವಳೂ ವಿಷ ಹೊತ್ತು ಬರುತ್ತಾಳೆ ಎಂದರು ಸಾಹೇಬರು. ದುಭಾಷಿ ಈ ಸಲ ನಯ ಮಾಡದೆ ಹಾಗೆಯೇ ದಾಟಿಸಿದಳು. ಆಚೆಯ ಅಧಿಕಾರಿಯ ಮುಖ ಕೆಂಪಾಯಿತು. ಆತ ಪಕ್ಕದ ಗುಮಾಸ್ತನ ಕಡೆ ಬಾಗಿ, ಹೆಂಗಸು ಒಳಗಿದ್ದಷ್ಟು ದಿನ ನಮ್ಮ ಮಂತ್ರಿಗಳಿಗೆ ಭಾಷಣಕ್ಕೆ ಸರಕು, ಇರಲಿ ಬಿಡು ಎಂದು ಪಿಸುಗುಟ್ಟಿದ. ಅವಳು ಅದನ್ನೂ ಬಿಡದೆ ಸಾಹೇಬರಿಗೆ ಹೇಳಿದಳು.

"ಏನು ಮಾತಾಡ್ತಿದ್ದೀಯ ಅಂತ ಗೊತ್ತಾ?" ಎಂದರು ಸಾಹೇಬರು.

"ಗೊತ್ತು ಸಾರ್. ಇದ್ದದ್ದನ್ನ ಇದ್ದ ಹಾಗೆ ಹೇಳ್ತಿದ್ದೀನಿ."

ಆಮೇಲೆ ಎರಡೂ ಭಾಷೆಯಲ್ಲಿ ಹೇಳಿದಳು: "ಮಾತ್ರೆ ಮುದುಕಿಯದು. ಚೀಟಿ ಸಾಹೇಬರ ಡ್ರಾಯರಲ್ಲಿದೆ. ಸುಳ್ಳು ವರದಿಗೆ ಹೆಬ್ಬೆಟ್ಟು ಒತ್ತಿಸಿದ್ದು ನಾನೇ."

ಆಚೆಯ ಗುಮಾಸ್ತ ಬರೆದುಕೊಂಡುಬಿಟ್ಟ. ಇನ್ನು ಮುಚ್ಚಿಡುವಂತಿರಲಿಲ್ಲ. ಸಂಜೆಗೆ ಹೆಂಗಸನ್ನು ಬಿಟ್ಟರು, ಪಾಸನ್ನು ಶಾಶ್ವತವಾಗಿ ರದ್ದು ಮಾಡಿ. ದುಭಾಷಿಗೂ ನಾಳೆಯಿಂದ ಬರಬೇಡವೆಂದರು. ಗೇಟಿನ ಬಳಿ ಅವಳು ಕ್ಷಮೆ ಕೇಳಲು ಹೋದರೆ ಆ ಹೆಂಗಸು ಕಿವಿಗೇ ಹಾಕಿಕೊಳ್ಳಲಿಲ್ಲ.

"ಅಜ್ಜಿಗೆ ಮಗ್ಗುಲು ಬದಲಾಯಿಸೋಕೆ ಯಾರಿದ್ದಾರೆ?" ಎಂದಷ್ಟೇ ಕೇಳಿದಳು.

ಮರುದಿನ ಎರಡೂ ದೇಶದ ಪತ್ರಿಕೆಗಳಲ್ಲಿ 'ಸೌಹಾರ್ದ ಮಾತುಕತೆ' ಎಂದು ಬಂತು. ದುಭಾಷಿಗೆ ಮೈಯೆಲ್ಲ ಉರಿದುಹೋಯಿತು. ನೇರ ಮುದುಕಿಯ ಮನೆಗೆ ನಡೆದಳು. ಕೋಣೆ ನಾರುತ್ತಿತ್ತು. ಮುದುಕಿಯ ಬೆನ್ನಲ್ಲಿ ಹುಣ್ಣುಗಳಾಗಿದ್ದವು. ಮಗ ಬಾಗಿಲಿಗೆ ಒರಗಿ ನಿಂತಿದ್ದ.

"ಮಾತ್ರೆ ನಮ್ಮದು ಅಂತ ಚೌಕಿಗೆ ಬಂದು ಒಂದು ಮಾತು ಹೇಳೋಕೆ ನಿಮಗೆ ಏನಾಗಿತ್ತು?" ಎಂದು ಕೇಳಿದಳು.

ಪೊಲೀಸರ ಉಸಾಬರಿ ನಮಗ್ಯಾಕೆ ಅಂತ ಸುಮ್ಮನಿದ್ದೆ ಎಂದು ಅವನು ನೆಲ ನೋಡಿದ.

ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಬಾರಿಸಲಿಲ್ಲ. ಸೆರಗು ಸಿಕ್ಕಿಸಿಕೊಂಡು ಮುದುಕಿಯ ಭುಜದ ಕೆಳಗೆ ಕೈ ತೂರಿಸಿದಳು.

"ನಿಂತ್ಕೊಂಡು ಏನು ನೋಡ್ತೀರಿ? ಆ ಕಡೆ ಹಿಡ್ಕೊಳ್ಳಿ," ಎಂದಳು.